ಗೋಲು ಹೊಡೆಯದ ಅಲೋನ್ಸೊ ಯಾಕೆ ಅಷ್ಟು ದೊಡ್ಡ ಆಟಗಾರ?

ಪ್ರಶ್ನೆ: ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಕಾಲೇಜು ಟೀಮಿನಲ್ಲಿ ಮಿಡ್‌ಫೀಲ್ಡ್ ಆಡುತ್ತೇನೆ. ಲೆವರ್ಕುಸನ್ ತಂಡ ಒಂದೂ ಸೋಲಿಲ್ಲದೆ ಜರ್ಮನಿಯ ಲೀಗ್ ಗೆದ್ದಾಗಿನಿಂದ ಅದರ ಆಗಿನ ಕೋಚ್ ಶಾಬಿ ಅಲೋನ್ಸೊ ಅಭಿಮಾನಿ. ಆಟಗಾರರಾಗಿ ಅವರು ಹೇಗಿದ್ದರು ನೋಡೋಣ ಅಂತ ಯೂಟ್ಯೂಬ್ ಹುಡುಕಿದೆ. ಅರ್ಧ ಮೈದಾನದ ಈಚೆಯಿಂದ ಹೊಡೆದ ಎರಡು ಗೋಲು ಬಿಟ್ಟರೆ ಕಣ್ಣಿಗೆ ಏನೂ ಬೀಳಲಿಲ್ಲ. ಸ್ಪೀಡ್ ಇಲ್ಲ, ಡ್ರಿಬ್ಲಿಂಗ್ ಇಲ್ಲ, ಗೋಲೂ ಕಮ್ಮಿ. ಆದರೂ ಲಿವರ್‌ಪೂಲ್, ರಿಯಲ್ ಮ್ಯಾಡ್ರಿಡ್, ಬಾಯರ್ನ್ ಮೂರೂ ಕಡೆ ಆಡಿದ್ದಾರೆ. ಅವರಲ್ಲಿ ಅಂಥದ್ದೇನಿತ್ತು? ನಾನೂ ಓಟದಲ್ಲಿ ನಿಧಾನ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಹೈಲೈಟ್ ವಿಡಿಯೊದಲ್ಲಿ ಅಲೋನ್ಸೊ ಕಾಣಿಸದೇ ಇರುವುದು ಸಹಜ. ಹೈಲೈಟ್ ಮಾಡುವವರು ಗೋಲಿನಿಂದ ಹಿಂದಕ್ಕೆ ಒಂದೋ ಎರಡೋ ಪಾಸ್ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸುತ್ತಾರೆ. ಅಲೋನ್ಸೊ ಕೆಲಸ ಅದಕ್ಕೂ ಹಿಂದಿನ ಪಾಸಿನಲ್ಲಿ ಮುಗಿದಿರುತ್ತಿತ್ತು. ರಿಯಲ್ ಮ್ಯಾಡ್ರಿಡ್‌ಗೆ ಅವರು ಐದು ವರ್ಷ ಆಡಿದರು. 236 ಪಂದ್ಯ, ಬರೀ 6 ಗೋಲು. ಅಷ್ಟಾದರೂ ಆ ಐದು ವರ್ಷದಲ್ಲಿ ಮೈಗೆ ಹುಷಾರಿದ್ದಾಗ ಅವರನ್ನು ಹೊರಗೆ ಕೂರಿಸುವ ಯೋಚನೆ ಯಾವ ಕೋಚ್‌ಗೂ ಬರಲಿಲ್ಲ. ಮೊರಿನ್ಯೊಗೂ ಇಲ್ಲ, ಆಂಚೆಲೊಟ್ಟಿಗೂ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚೆಂಡು ಕಾಲಿಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕು ಅಂತ ಅಲೋನ್ಸೊ ತೀರ್ಮಾನ ಮಾಡಿರುತ್ತಿದ್ದರು. ಅವರ ಹದಿನೆಂಟು ವರ್ಷದ ಆಟವೆಲ್ಲ ನಿಂತಿದ್ದು ಇದರ ಮೇಲೆ. ಓಟದಲ್ಲಿ ಹಿಂದೆ ಬಿದ್ದಿದ್ದನ್ನು ಅವರು ಇಲ್ಲಿ ತುಂಬಿಕೊಳ್ಳುತ್ತಿದ್ದರು.

ಹುಟ್ಟಿದ್ದು 1981ರ ನವೆಂಬರ್ 25ರಂದು, ಸ್ಪೇನ್‌ನ ಬಾಸ್ಕ್ ಸೀಮೆಯ ತೊಲೊಸಾ ಊರಿನಲ್ಲಿ. (ಬಾರ್ಸಿಲೋನಾದ ಶಾವಿ ಬೇರೆ, ಇವರು ಬೇರೆ. ಹೊಸದಾಗಿ ನೋಡುವವರು ಇಬ್ಬರನ್ನೂ ಒಂದು ಮಾಡಿಕೊಳ್ಳುತ್ತಾರೆ.) ಅಪ್ಪ ಪೆರಿಕೊ ಅಲೋನ್ಸೊ ಕೂಡ ಮಿಡ್‌ಫೀಲ್ಡರ್. ರಿಯಲ್ ಸೊಸಿಯೆದಾದ್ ತಂಡದ ಜೊತೆ 1981, 1982 ಎರಡೂ ವರ್ಷ ಸ್ಪೇನ್ ಲೀಗ್ ಗೆದ್ದವರು. ಆಮೇಲೆ ಬಾರ್ಸಿಲೋನಾ ಸೇರಿ 1985ರಲ್ಲಿ ಮೂರನೇ ಸಲ ಗೆದ್ದರು. 1982ರ ವಿಶ್ವಕಪ್‌ನಲ್ಲಿ ಸ್ಪೇನ್‌ಗೂ ಆಡಿದರು. ಅಂದರೆ ಮನೆಯಲ್ಲಿ ಊಟದ ಹೊತ್ತಿಗೂ ಫುಟ್‌ಬಾಲ್ ಮಾತೇ ಇದ್ದಿರಬೇಕು. ಅಣ್ಣ ಮಿಕೆಲ್ ಕೂಡ ಮುಂದೆ ವೃತ್ತಿಪರ ಆಟಗಾರರಾದರು.

ಶಾಬಿ ಬೆಳೆದದ್ದು ಸಾನ್ ಸೆಬಾಸ್ಟಿಯನ್ ನಗರದಲ್ಲಿ. ಅಲ್ಲಿನ ಕೊಂಚಾ ಕಡಲತೀರದ ಮರಳಿನಲ್ಲಿ ಆಡಿಕೊಂಡಿದ್ದ ಹುಡುಗರಲ್ಲಿ ಇವರೊಬ್ಬರು, ಇನ್ನೊಬ್ಬರು ಬಾಲ್ಯದ ಗೆಳೆಯ ಮಿಕೆಲ್ ಆರ್ಟೆಟಾ. ಹೌದು, ಇವತ್ತಿನ ಆರ್ಸೆನಲ್ ಕೋಚ್. ಇಬ್ಬರೂ ಆಂಟಿಗುವೊಕೊ ಅನ್ನೋ ಊರಿನ ಸಣ್ಣ ಕ್ಲಬ್ಬಿನಲ್ಲಿ ಕಲಿತವರು. ಹದಿನೈದರ ವಯಸ್ಸಿಗೆ ಅಲೋನ್ಸೊ ಇಂಗ್ಲಿಷ್ ಕಲಿಯಲು ಐರ್ಲೆಂಡಿನ ಕೆಲ್ಸ್ ಎಂಬ ಊರಿಗೆ ಹೋಗಿದ್ದರು. ಅಲ್ಲಿ ಐರಿಷ್ ಹುಡುಗರ ಜೊತೆ ಕೈಯಲ್ಲಿ ಚೆಂಡು ಹಿಡಿದು ಆಡುವ ಗೇಲಿಕ್ ಫುಟ್‌ಬಾಲ್ ಕೂಡ ಆಡಿದ್ದಾರೆ.

ರಿಯಲ್ ಸೊಸಿಯೆದಾದ್ ಪರ ಮೊದಲ ಪಂದ್ಯ 1999ರ ಡಿಸೆಂಬರ್‌ನಲ್ಲಿ. ಮರುವರ್ಷ ಕ್ಲಬ್ ಅವರನ್ನು ಪಕ್ಕದ ಐಬಾರ್ ತಂಡಕ್ಕೆ ಸಾಲದ ಮೇಲೆ (ಅಂದರೆ ಸ್ವಲ್ಪ ಕಾಲ ಅಲ್ಲಿ ಆಡಲು) ಕಳಿಸಿತು. ಅಷ್ಟರಲ್ಲಿ ಸೊಸಿಯೆದಾದ್ ಎರಡನೇ ಡಿವಿಷನ್‌ಗೆ ಬೀಳುವ ಸ್ಥಿತಿಗೆ ಬಂತು. 2001ರ ಜನವರಿಯಲ್ಲಿ ಹಳೇ ಕೋಚ್ ಜಾನ್ ಟೊಷಾಕ್ ವಾಪಸ್ ಬಂದರು. ಬಂದವರೇ ಅಲೋನ್ಸೊರನ್ನು ಐಬಾರ್‌ನಿಂದ ಕರೆಸಿಕೊಂಡರು, ಕ್ಯಾಪ್ಟನ್ ಪಟ್ಟಿಯನ್ನೂ ಕೊಟ್ಟರು. ಆಗ ವಯಸ್ಸು 19. ಮುಳುಗುತ್ತಿರುವ ತಂಡದಲ್ಲಿ ದೊಡ್ಡವರನ್ನೆಲ್ಲ ಬಿಟ್ಟು 19ರ ಹುಡುಗನಿಗೆ ಪಟ್ಟಿ ಕಟ್ಟಬೇಕಾದರೆ ಆ ಕೋಚ್ ಏನು ಕಂಡಿರಬೇಕು ಯೋಚಿಸಿ. ತಂಡ ಉಳಿಯಿತು. ಎರಡು ವರ್ಷದ ನಂತರ, 2002-03ರಲ್ಲಿ, ಅದೇ ಸೊಸಿಯೆದಾದ್ ಲೀಗನ್ನೇ ಗೆಲ್ಲುವ ಹತ್ತಿರ ಬಂತು. ಕೊನೆಯಿಂದ ಎರಡನೇ ಪಂದ್ಯದಲ್ಲಿ ಸೆಲ್ಟಾ ವಿಗೊ ಎದುರು ಸೋತು, ಬರೀ ಎರಡು ಪಾಯಿಂಟ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಬಿಟ್ಟುಕೊಟ್ಟಿತು. ಜಿದಾನ್, ರೊನಾಲ್ಡೊ, ಫಿಗೊ ಇದ್ದ ಮ್ಯಾಡ್ರಿಡ್ ಅದು.

ಈಗ ನೀವು ಕೇಳಿದ ವಿಷಯಕ್ಕೆ ಬರೋಣ. ಅವರಲ್ಲಿ ಅಂಥದ್ದೇನಿತ್ತು?

ಒಂದೇ ಒಂದು ಪಾಸನ್ನು ನಿಧಾನ ಮಾಡಿ ನೋಡಿ. ಚೆಂಡು ಸೆಂಟರ್ ಬ್ಯಾಕ್, ಅಂದರೆ ತಮ್ಮ ಗೋಲಿನ ಮುಂದೆ ನಿಲ್ಲುವ ಡಿಫೆಂಡರ್ ಕಾಲಲ್ಲಿದೆ. ಅಲೋನ್ಸೊ ಹತ್ತು ಹದಿನೈದು ಹೆಜ್ಜೆ ಮುಂದೆ ನಿಂತಿದ್ದಾರೆ. ಚೆಂಡು ಇನ್ನೂ ಅವರ ಕಡೆ ಹೊರಟಿಲ್ಲ. ತಲೆ ಒಮ್ಮೆ ಎಡಗಡೆ ಹೆಗಲ ಮೇಲಿಂದ ಹಿಂದಕ್ಕೆ ತಿರುಗುತ್ತದೆ, ಒಮ್ಮೆ ಬಲಗಡೆ. ಎದುರಾಳಿ ಎಷ್ಟು ದೂರದಲ್ಲಿದ್ದಾನೆ, ಮೈದಾನದ ಅಂಚಿನಲ್ಲಿ ಓಡುವ ತಮ್ಮ ವಿಂಗರ್ ಎಲ್ಲಿದ್ದಾನೆ, ಎರಡೂ ಲೆಕ್ಕ ಆಯಿತು. ಆಮೇಲೆ ಮೈಯನ್ನು ಪೂರ್ತಿ ಚೆಂಡಿನ ಕಡೆ ಕೊಡದೆ ಅರ್ಧ ಅಡ್ಡಕ್ಕೆ ತಿರುಗಿಸಿ ನಿಲ್ಲುತ್ತಾರೆ. ಹಾಗೆ ನಿಂತರೆ ತಮ್ಮ ಗೋಲೂ ಕಾಣುತ್ತದೆ, ಎದುರಿನ ಗೋಲೂ ಕಾಣುತ್ತದೆ. ಚೆಂಡು ಬಂದಾಗ ಹತ್ತಿರದ ಕಾಲಿನಲ್ಲಿ ತಡೆಯುವುದಿಲ್ಲ, ದೂರದ ಕಾಲಿಗೆ ಬಿಟ್ಟುಕೊಳ್ಳುತ್ತಾರೆ. ಅದರಿಂದ ಮೊದಲ ಟಚ್‌ನಲ್ಲೇ ಮುಖ ಮುಂದಕ್ಕೆ ಆಗಿರುತ್ತದೆ. ಎರಡನೇ ಟಚ್‌ಗೆ ಚೆಂಡು ಹೋಗಿಬಿಟ್ಟಿರುತ್ತದೆ. ಹಿಂದಿನಿಂದ ಓಡಿ ಬಂದ ಎದುರಾಳಿ ಎಷ್ಟೇ ವೇಗಿಯಾಗಿದ್ದರೂ ಅಲ್ಲಿಗೆ ಬರುವಷ್ಟರಲ್ಲಿ ತಡವಾಗಿರುತ್ತದೆ.

ಸುಮ್ನೆ ಹೋದದ್ದಲ್ಲ ಆ ಚೆಂಡು. ಅಲೋನ್ಸೊ ಹೆಸರು ಮಾಡಿದ್ದು ಆ ಉದ್ದದ ಡಯಾಗನಲ್ ಪಾಸಿಗೆ. ಮೈದಾನದ ಈ ಬದಿಯಿಂದ ಆ ಬದಿಗೆ, ನಲವತ್ತು ಐವತ್ತು ಮೀಟರ್. ತುಂಬಾ ಜನ ಅಷ್ಟು ದೂರ ಹೊಡೆಯುತ್ತಾರೆ, ಆದರೆ ಚೆಂಡು ಆಕಾಶಕ್ಕೆ ಹೋಗಿ ನಿಧಾನವಾಗಿ ಇಳಿಯುತ್ತದೆ. ಅಷ್ಟರಲ್ಲಿ ಎದುರು ತಂಡ ಪೂರ್ತಿ ಆ ಕಡೆ ಸರಿದಿರುತ್ತದೆ. ಅಲೋನ್ಸೊ ಚೆಂಡು ಎತ್ತರಕ್ಕೆ ಹೋಗುತ್ತಿರಲಿಲ್ಲ. ಚಪ್ಪಟೆಯಾಗಿ, ಹಿಂದಕ್ಕೆ ಸುತ್ತುತ್ತಾ ಹೋಗಿ ವಿಂಗರ್ ಓಡುತ್ತಿರುವ ದಾರಿಯಲ್ಲೇ ಬೀಳುತ್ತಿತ್ತು. ವಿಂಗರ್ ನಿಲ್ಲಬೇಕಿಲ್ಲ, ಎದೆಯಲ್ಲಿ ತಡೆದು ಸಂಭಾಳಿಸಬೇಕಿಲ್ಲ. ಇದು ಹೈಲೈಟ್‌ನಲ್ಲಿ ಯಾಕೆ ಬರಲ್ಲ ಅಂದರೆ, ಆ ವಿಂಗರ್ ಆಮೇಲೆ ಇಬ್ಬರನ್ನು ದಾಟಿ ಕ್ರಾಸ್ ಮಾಡುತ್ತಾನೆ, ಸ್ಟ್ರೈಕರ್ ತಲೆ ಕೊಡುತ್ತಾನೆ. ವಿಡಿಯೊ ಶುರುವಾಗುವುದು ವಿಂಗರ್‌ನಿಂದ.

ಸಣ್ಣ ಪಾಸಿನಲ್ಲೂ ಒಂದು ಸೂಕ್ಷ್ಮ ಇರುತ್ತಿತ್ತು. ಗೆಳೆಯನ ಎಡ ಹಿಂಭಾಗದಲ್ಲಿ ಡಿಫೆಂಡರ್ ಇದ್ದರೆ ಪಾಸ್ ಅವನ ಬಲಗಾಲಿಗೆ, ಬಲ ಹಿಂಭಾಗದಲ್ಲಿದ್ದರೆ ಎಡಗಾಲಿಗೆ. ಯಾವ ಕಾಲಿಗೆ ಬಂತು ಅನ್ನೋದರಲ್ಲೇ ಯಾವ ಕಡೆ ತಿರುಗಬೇಕು ಅನ್ನೋದೂ ಗೊತ್ತಾಗುತ್ತಿತ್ತು. ಬಾಯಲ್ಲಿ ಕೂಗಿ ಹೇಳುವ ಅವಶ್ಯಕತೆಯೇ ಇಲ್ಲ.

ಟ್ಯಾಕಲ್ ಬಗ್ಗೆ ಅವರು ಹೇಳಿದ ಮಾತು ಇಂಗ್ಲೆಂಡಿನಲ್ಲಿ ದೊಡ್ಡ ಚರ್ಚೆ ಆಯಿತು. ಲಿವರ್‌ಪೂಲ್ ಕಿರಿಯರ ತಂಡದ ಹುಡುಗರ ಸಂದರ್ಶನ ಓದಿದರೆ, ನಿನ್ನ ಬಲ ಏನು ಅಂದಾಗ ಶೂಟಿಂಗ್ ಜೊತೆ ಟ್ಯಾಕಲಿಂಗ್ ಅಂತಲೂ ಹೇಳುತ್ತಿದ್ದರಂತೆ. ಅದು ಅಲೋನ್ಸೊಗೆ ಅರ್ಥವೇ ಆಗಲಿಲ್ಲ. ಟ್ಯಾಕಲ್ ಬೇಕೇ ಬೇಕು, ಆದರೆ ಅದು ಕೊನೆಯ ದಾರಿ, ಅದನ್ನೇ ಗುರಿ ಮಾಡಿಕೊಳ್ಳಬಾರದು ಅನ್ನುವುದು ಅವರ ವಾದ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದ್ದರೆ ಮೈ ಮೇಲೆ ಬಿದ್ದು ಚೆಂಡು ಕಸಿಯುವ ಸಂದರ್ಭವೇ ಕಮ್ಮಿ. ಹಾಗಂತ ಅವರು ಮೆತ್ತಗಿನ ಆಟಗಾರರಲ್ಲ. ಬೇಕಾದಾಗ ಫೌಲ್ ಮಾಡುತ್ತಿದ್ದರು, ಹಳದಿ ಕಾರ್ಡ್ ಬೇಕಾದಷ್ಟು ತಿಂದಿದ್ದಾರೆ.

2004ರಲ್ಲಿ ಕೋಚ್ ರಫಾ ಬೆನಿಟೆಜ್ ಲಿವರ್‌ಪೂಲ್‌ಗೆ ಕರೆದುಕೊಂಡು ಹೋದರು. ಮೊದಲ ವರ್ಷವೇ ಪೆಟ್ಟು. 2005ರ ಜನವರಿ 1ರಂದು ಚೆಲ್ಸಿ ಎದುರಿನ ಪಂದ್ಯದಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಟ್ಯಾಕಲ್‌ಗೆ ಪಾದದ ಗಂಟು ಮುರಿಯಿತು. ಮೂರು ತಿಂಗಳು ಆಟವಿಲ್ಲ. ವಾಪಸ್ ಬಂದದ್ದು ಏಪ್ರಿಲ್‌ನಲ್ಲಿ, ಟ್ಯೂರಿನ್‌ನಲ್ಲಿ, ಯುವೆಂಟಸ್ ಎದುರಿನ ಚಾಂಪಿಯನ್ಸ್ ಲೀಗ್ (ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ) ಕ್ವಾರ್ಟರ್ ಫೈನಲ್‌ಗೆ. ಲಿವರ್‌ಪೂಲ್ ಮೊದಲ ಪಂದ್ಯ ಗೆದ್ದಿತ್ತು, ಇಲ್ಲಿ ಗೋಲು ಬಿಟ್ಟುಕೊಡದಿದ್ದರೆ ಸಾಕಿತ್ತು. 0-0 ಆಯಿತು. ಮೂರು ತಿಂಗಳು ಕುಂಟಿದವರು ಆ ರಾತ್ರಿ ಚೆಂಡನ್ನು ತಮ್ಮವರ ಹತ್ತಿರವೇ ಇಟ್ಟುಕೊಂಡು ಆಟವನ್ನು ತಣ್ಣಗಾಗಿಸಿದರು.

ಅದೇ ಮೇ 25ರ ಇಸ್ತಾಂಬುಲ್ ಫೈನಲ್ ನಿಮಗೂ ಗೊತ್ತಿರುತ್ತದೆ. ಎದುರು ಎಸಿ ಮಿಲಾನ್. ಮೊದಲ ನಿಮಿಷದಲ್ಲೇ ಮಾಲ್ದಿನಿ ಗೋಲು, ಆಮೇಲೆ ಕ್ರೆಸ್ಪೊ ಎರಡು. ಹಾಫ್ ಟೈಮ್‌ಗೆ 3-0. ಮಧ್ಯದಲ್ಲಿ ಪಿರ್ಲೊ, ಸೀಡಾರ್ಫ್, ಗಟ್ಟೂಸೊ, ಕಾಕಾ ನಾಲ್ವರು. ಇವರ ಕಡೆ ಅಲೋನ್ಸೊ, ಜೆರಾರ್ಡ್ ಇಬ್ಬರೇ. ಕಾಕಾನನ್ನು ಹಿಡಿಯುವವರೇ ಇರಲಿಲ್ಲ. ವಿರಾಮದ ನಂತರ ಬೆನಿಟೆಜ್ ಇನ್ನೊಬ್ಬ ಮಿಡ್‌ಫೀಲ್ಡರ್ ಹಮಾನ್‌ರನ್ನು ಇಳಿಸಿ ಅಲೋನ್ಸೊ ಪಕ್ಕ ನಿಲ್ಲಿಸಿದರು. ಬೆನ್ನು ಕಾಯುವವರು ಸಿಕ್ಕ ಮೇಲೆ ಅಲೋನ್ಸೊಗೆ ತಲೆ ಎತ್ತಿ ನೋಡಲು ಜಾಗ ಸಿಕ್ಕಿತು, ಜೆರಾರ್ಡ್ ಮುಂದಕ್ಕೆ ಹೋದರು. 54ನೇ ನಿಮಿಷ ಜೆರಾರ್ಡ್, 56ನೇ ನಿಮಿಷ ಸ್ಮಿಸರ್. ನಂತರ ಪೆನಾಲ್ಟಿ. ಹೊಡೆಯಲು ಬಂದದ್ದು ಅಲೋನ್ಸೊ, ವಯಸ್ಸು 23. ಬಲಗಾಲಿನ ಹೊಡೆತವನ್ನು ಗೋಲ್‌ಕೀಪರ್ ದೀದಾ ತಡೆದೇಬಿಟ್ಟರು. ಚೆಂಡು ವಾಪಸ್ ಪುಟಿಯಿತು. ಅಲೋನ್ಸೊ ತಲೆ ಹಿಡಿದುಕೊಂಡು ನಿಲ್ಲಲಿಲ್ಲ, ಓಡುತ್ತಲೇ ಇದ್ದರು. ಎಡಗಾಲಿನಲ್ಲಿ ಬಲೆಯ ಮೇಲ್ಭಾಗಕ್ಕೆ ಬಾರಿಸಿದರು. 3-3. ಕೊನೆಗೆ ಶೂಟೌಟ್‌ನಲ್ಲಿ ಕಪ್ ಲಿವರ್‌ಪೂಲ್‌ಗೆ. ಆರು ನಿಮಿಷದಲ್ಲಿ ಮೂರು ಗೋಲು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಹಮಾನ್ ಬಂದ ಮೇಲೆ ಆದ ಬದಲಾವಣೆ. ಅಲೋನ್ಸೊ ಒಬ್ಬರೇ ಮೈದಾನದ ಮಧ್ಯವನ್ನೆಲ್ಲ ಕಾಯುವವರಲ್ಲ. ಪಕ್ಕದಲ್ಲಿ ಓಡುವವರೊಬ್ಬರು ಬೇಕು. ಲಿವರ್‌ಪೂಲ್‌ನಲ್ಲಿ ಆಮೇಲೆ ಆ ಕೆಲಸ ಮಾಡಿದ್ದು ಮಸ್ಕೆರಾನೊ, ಮ್ಯಾಡ್ರಿಡ್‌ನಲ್ಲಿ ಖೆದಿರಾ, ಸ್ಪೇನ್‌ಗೆ ಬುಸ್ಕೆಟ್ಸ್.

ನೀವು ನೋಡಿದ ಆ ಎರಡು ಉದ್ದದ ಗೋಲುಗಳ ವಿಷಯ. ಮೊದಲನೆಯದು 2006ರ ಜನವರಿ, ಎಫ್‌ಎ ಕಪ್, ಲೂಟನ್ ಎದುರು. ಕಾರ್ನರ್‌ಗೆ ಅಂತ ಲೂಟನ್ ಗೋಲ್‌ಕೀಪರ್ ಮುಂದೆ ಬಂದಿದ್ದರು, ಗೋಲು ಖಾಲಿ. ಎರಡನೆಯದು ಅದೇ ವರ್ಷ ಸೆಪ್ಟೆಂಬರ್, ನ್ಯೂಕಾಸಲ್ ಎದುರು. ಕೀಪರ್ ಇದ್ದರು, ಆದರೆ ಮುಂದೆ ಬಂದಿದ್ದರು. ಹಿಂದೆ ಓಡುವಾಗ ಜಾರಿದರು. ಅದೃಷ್ಟದ ಹೊಡೆತ ಅಂತ ಕೆಲವರು ಅನ್ನುತ್ತಾರೆ. ನಾನು ಒಪ್ಪಲ್ಲ. ಒಂಬತ್ತು ತಿಂಗಳಲ್ಲಿ ಎರಡು ಸಲ ತಮ್ಮ ಅರ್ಧದಿಂದ ಗೋಲು ಹೊಡೆಯಬೇಕಾದರೆ ಚೆಂಡು ಸಿಕ್ಕ ಕ್ಷಣಕ್ಕೇ ಎದುರಿನ ಕೀಪರ್ ಎಲ್ಲಿದ್ದಾನೆ ಅಂತ ಗೊತ್ತಿರಬೇಕು. ಆಮೇಲೆ ತಲೆ ಎತ್ತಿ ನೋಡಿದರೆ ಸಮಯ ಮೀರಿರುತ್ತದೆ. ಅಂದಹಾಗೆ ಅಲೋನ್ಸೊ ಆ ಸೀಸನ್‌ನಲ್ಲಿ ತಮ್ಮ ಅರ್ಧದಿಂದ ಗೋಲು ಹೊಡೆಯುತ್ತಾರೆ ಅಂತ ಒಬ್ಬ ಅಭಿಮಾನಿ 200 ಪೌಂಡ್ ಬಾಜಿ ಕಟ್ಟಿದ್ದರು. ಲೂಟನ್ ಪಂದ್ಯದ ದಿನ ಅವರಿಗೆ 25,000 ಪೌಂಡ್ ಬಂತು. ದಿನಾ ಅವರ ಆಟ ನೋಡುತ್ತಿದ್ದವರಿಗೆ ಇದು ಆಗಬಹುದು ಅಂತ ಮೊದಲೇ ಅನ್ನಿಸಿತ್ತು.

2008ರ ಬೇಸಿಗೆಯಲ್ಲಿ ಒಂದು ವಿಚಿತ್ರ ನಡೆಯಿತು. ಬೆನಿಟೆಜ್‌ಗೆ ಆಸ್ಟನ್ ವಿಲಾದ ಗ್ಯಾರೆತ್ ಬ್ಯಾರಿ ಬೇಕಾಗಿತ್ತು. ಅದಕ್ಕೆ ದುಡ್ಡು ಹೊಂದಿಸಲು ಅಲೋನ್ಸೊರನ್ನು ಮಾರಲು ತಯಾರಿದ್ದರು. ಮಾರಾಟ ಆಗಲಿಲ್ಲ, ಬ್ಯಾರಿಯೂ ಬರಲಿಲ್ಲ. ಅಭಿಮಾನಿಗಳು ಅಲೋನ್ಸೊ ಪರ ನಿಂತರು. ಕ್ಲಬ್ಬಿಗೇ ಬೇಡವಾದ ಆಟಗಾರ ಮುಖ ಊದಿಸಿಕೊಂಡು ಕೂರಬಹುದಿತ್ತು. ಇವರು ಲಿವರ್‌ಪೂಲ್‌ನಲ್ಲಿ ತಮ್ಮ ಅತ್ಯುತ್ತಮ ಸೀಸನ್ ಆಡಿದರು. 2008-09ರಲ್ಲಿ ತಂಡ 86 ಪಾಯಿಂಟ್ ಗಳಿಸಿ ಎರಡನೇ ಸ್ಥಾನಕ್ಕೆ ಬಂತು. ಮ್ಯಾಂಚೆಸ್ಟರ್ ಯುನೈಟೆಡ್ 90. ಆ ಮಾರ್ಚ್‌ನಲ್ಲಿ ತಮ್ಮ ಮೈದಾನ ಆನ್‌ಫೀಲ್ಡ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 4-0 ಸೋಲು ಉಣಿಸಿದರು. ಐದು ತಿಂಗಳ ನಂತರ ಅದೇ ಮ್ಯಾಡ್ರಿಡ್ ಸುಮಾರು 3 ಕೋಟಿ ಪೌಂಡ್ ಕೊಟ್ಟು ಅವರನ್ನು ಕರೆದುಕೊಂಡು ಹೋಯಿತು.

ಲಿವರ್‌ಪೂಲ್ ಮರುವರ್ಷ ಏಳನೇ ಸ್ಥಾನ. ಚಾಂಪಿಯನ್ಸ್ ಲೀಗ್‌ನಲ್ಲಿ ಮೊದಲ ಸುತ್ತೇ ದಾಟಲಿಲ್ಲ. ಎಲ್ಲವೂ ಅಲೋನ್ಸೊ ಹೋದದ್ದರಿಂದ ಅಂದರೆ ತಪ್ಪಾಗುತ್ತದೆ. ಮಾಲೀಕರ ಸಾಲ, ಟೊರೆಸ್ ಗಾಯ, ಎಲ್ಲ ಇತ್ತು. ಅವರ ಜಾಗಕ್ಕೆ ತಂದ ಅಕ್ವಿಲಾನಿ ಗಾಯದ ಜೊತೆಗೇ ಬಂದರು. ಆದರೂ ಆ ವರ್ಷದ ಪಂದ್ಯಗಳನ್ನು ನೋಡಿದರೆ ಸೆಂಟರ್ ಬ್ಯಾಕ್‌ಗಳು ಚೆಂಡು ಹಿಡಿದು ಯಾರಿಗೆ ಕೊಡಬೇಕು ಅಂತ ಹುಡುಕುವುದು ಕಾಣುತ್ತದೆ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಅತಿ ಗಟ್ಟಿ ಸಾಕ್ಷಿ ಇದೇ. ಅಲೋನ್ಸೊ ಏನು ಮಾಡುತ್ತಿದ್ದರು ಅನ್ನೋದು ಅವರಿಲ್ಲದ ತಂಡದಲ್ಲಿ ಚೆನ್ನಾಗಿ ಕಾಣುತ್ತದೆ.

ಮ್ಯಾಡ್ರಿಡ್‌ನಲ್ಲಿ ಮೊರಿನ್ಯೊ ಅವರನ್ನು ಬೇರೆ ರೀತಿ ಬಳಸಿದರು. ಚೆಂಡು ಕಸಿದ ತಕ್ಷಣ ಅಲೋನ್ಸೊಗೆ, ಅವರಿಂದ ಒಂದೇ ಏಟಿಗೆ ಓಡುತ್ತಿರುವ ರೊನಾಲ್ಡೊಗೋ ಡಿ ಮರಿಯಾಗೋ. 2011-12ರಲ್ಲಿ ಆ ತಂಡ 100 ಪಾಯಿಂಟ್, 121 ಗೋಲಿನೊಂದಿಗೆ ಲೀಗ್ ಗೆದ್ದಿತು. ಮುಂದೆ ಆಂಚೆಲೊಟ್ಟಿ ಕೈಯಲ್ಲಿ 2014ರ ಚಾಂಪಿಯನ್ಸ್ ಲೀಗ್. ಮ್ಯಾಡ್ರಿಡ್‌ನವರು ಹನ್ನೆರಡು ವರ್ಷದಿಂದ ಕಾಯುತ್ತಿದ್ದ ಹತ್ತನೇ ಕಪ್ ಅದು. ಆದರೆ ಸೆಮಿಫೈನಲ್‌ನಲ್ಲಿ ಬಾಯರ್ನ್ ಎದುರು ಹಳದಿ ಕಾರ್ಡ್ ಬಿದ್ದು ಅಲೋನ್ಸೊ ಫೈನಲ್‌ಗೆ ಹೊರಗಾದರು. ಆ ಕ್ಷಣದ ಅವರ ಮುಖ ನೋಡಿದವರು ಮರೆಯಲ್ಲ. ಲಿಸ್ಬನ್‌ನ ಆ ಫೈನಲ್‌ನಲ್ಲಿ ಅವರ ಜಾಗಕ್ಕೆ ದೊಡ್ಡ ಗಾಯದಿಂದ ಆಗಷ್ಟೇ ಎದ್ದಿದ್ದ ಖೆದಿರಾ ಇಳಿದರು, ಒಂದು ಗಂಟೆಯೊಳಗೆ ವಾಪಸ್ ಬರಬೇಕಾಯಿತು. 93ನೇ ನಿಮಿಷದಲ್ಲಿ ರಾಮೋಸ್ ತಲೆಯಿಂದ ಸಮ ಮಾಡಿದ ಮೇಲೆಯೇ ಮ್ಯಾಡ್ರಿಡ್‌ಗೆ ಜೀವ ಬಂದದ್ದು. ಹೆಚ್ಚುವರಿ ಸಮಯದಲ್ಲಿ ಬೇಲ್ ಗೋಲು ಹೊಡೆದಾಗ ಸೂಟು ಹಾಕಿಕೊಂಡು ಸ್ಟ್ಯಾಂಡಿನಲ್ಲಿದ್ದ ಅಲೋನ್ಸೊ ಬೇಲಿ ದಾಟಿ ಮೈದಾನದ ಅಂಚಿಗೇ ಓಡಿ ಬಂದರು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎ ಅದಕ್ಕೂ ಒಂದು ಪಂದ್ಯ ನಿಷೇಧ ಹಾಕಿತು. ಮೈದಾನದಲ್ಲಿ ಅಷ್ಟು ತಣ್ಣಗೆ ಆಡುತ್ತಿದ್ದವರು ಒಳಗೆ ಎಷ್ಟು ಕುದಿಯುತ್ತಿದ್ದರು ಅಂತ ಆವತ್ತು ಎಲ್ಲರಿಗೂ ಗೊತ್ತಾಯಿತು.

ಸ್ಪೇನ್ ಪರ 114 ಪಂದ್ಯ, 16 ಗೋಲು. 2008 ಮತ್ತು 2012ರ ಯೂರೊ ಕಪ್, ನಡುವೆ 2010ರ ವಿಶ್ವಕಪ್. ಬುಸ್ಕೆಟ್ಸ್, ಅಲೋನ್ಸೊ ಇಬ್ಬರನ್ನೂ ಒಟ್ಟಿಗೆ ಆಡಿಸುವುದು ದಂಡ ಅಂತ 2010ರಲ್ಲಿ ಸ್ಪೇನ್‌ನಲ್ಲೇ ಗಲಾಟೆ ಇತ್ತು. ಮೊದಲ ಪಂದ್ಯ ಸ್ವಿಟ್ಜರ್ಲೆಂಡ್ ಎದುರು 1-0 ಸೋತಾಗ ಅದು ಇನ್ನೂ ಜೋರಾಯಿತು. (ಆ ಪಂದ್ಯದಲ್ಲಿ ಅಲೋನ್ಸೊ ದೂರದಿಂದ ಹೊಡೆದದ್ದು ಕ್ರಾಸ್‌ಬಾರ್‌ಗೆ ತಗುಲಿತ್ತು.) ಕೋಚ್ ದೆಲ್ ಬೋಸ್ಕೆ ಬದಲಿಸಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಪರಾಗ್ವೆ ಎದುರು ಅಲೋನ್ಸೊ ಪೆನಾಲ್ಟಿ ಹಾಕಿದರು, ಗೋಲಾಯಿತು. ಸಹ ಆಟಗಾರರು ಮೊದಲೇ ಬಾಕ್ಸ್ ಒಳಗೆ ಬಂದಿದ್ದರು ಅಂತ ರೆಫರಿ ಮತ್ತೆ ಹೊಡೆಸಿದರು. ಎರಡನೆಯದನ್ನು ಕೀಪರ್ ವಿಯಾರ್ ತಡೆದರು. ವಿಯಾ ಗೋಲಿನಿಂದ ಸ್ಪೇನ್ ಬಚಾವಾಯಿತು. ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಡಿ ಯಾಂಗ್ ಬೂಟು ಸೀದಾ ಅಲೋನ್ಸೊ ಎದೆಗೆ ಬಿತ್ತು. ರೆಫರಿ ಹೊವರ್ಡ್ ವೆಬ್ ಕೊಟ್ಟದ್ದು ಹಳದಿ ಕಾರ್ಡ್ ಮಾತ್ರ. ಅದು ಕೆಂಪು ಕಾರ್ಡೇ, ಅದರಲ್ಲಿ ಎರಡು ಮಾತಿಲ್ಲ. ಅಲೋನ್ಸೊ ಎದ್ದು ಆಟ ಮುಂದುವರಿಸಿದರು.

ದೋಷಗಳನ್ನೂ ಹೇಳಬೇಕು, ಯಾಕಂದರೆ ನೀವು ನಿಧಾನ ಅಂತ ಬರೆದಿದ್ದೀರಿ. ಅಲೋನ್ಸೊ ಮೇಲೆ ಒಬ್ಬನನ್ನು ಅಂಟಿಸಿಬಿಟ್ಟರೆ ಅವರ ತಂಡ ಒದ್ದಾಡುತ್ತಿತ್ತು. 2012-13ರ ಚಾಂಪಿಯನ್ಸ್ ಲೀಗ್‌ನಲ್ಲಿ ಕೋಚ್ ಕ್ಲಾಪ್‌ರ ಜರ್ಮನ್ ತಂಡ ಡಾರ್ಟ್ಮಂಡ್ ಅದನ್ನೇ ಮಾಡಿತು. ಮಾರಿಯೊ ಗೊಟ್ಜೆಗೆ ಅಲೋನ್ಸೊರನ್ನು ಕಾಯುವ ಕೆಲಸ ಕೊಟ್ಟರು. ಮ್ಯಾಡ್ರಿಡ್‌ನಿಂದ ಚೆಂಡು ಸರಿಯಾಗಿ ಮುಂದಕ್ಕೆ ಹೋಗಲೇ ಇಲ್ಲ. ಸೆಮಿಫೈನಲ್‌ನಲ್ಲಿ ಲೆವಂಡೋವ್ಸ್ಕಿ ನಾಲ್ಕು ಗೋಲು ಹೊಡೆದು 4-1 ಮಾಡಿದ ಪಂದ್ಯ ಅದೇ ಸೀಸನ್ನಿನದ್ದು. 2014ರ ವಿಶ್ವಕಪ್‌ನಲ್ಲಿ ಚಿಲಿಯ ಹುಡುಗರು ಉಸಿರಾಡಲು ಬಿಡಲಿಲ್ಲ. ಮೊದಲ ಗೋಲು ಬಂದದ್ದೇ ಅಲೋನ್ಸೊ ತಪ್ಪು ಪಾಸಿನಿಂದ, ಹಾಫ್ ಟೈಮ್‌ಗೆ ಅವರನ್ನು ತೆಗೆದರು. ಸ್ಪೇನ್ ಮೊದಲ ಸುತ್ತಿನಲ್ಲೇ ಮನೆಗೆ. ಆ ಆಗಸ್ಟ್‌ನಲ್ಲಿ ಅವರು ದೇಶದ ಪರ ಆಟ ನಿಲ್ಲಿಸಿದರು. ತಲೆ ಎಷ್ಟೇ ಬೇಗ ಓಡಿದರೂ ಕಾಲು ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಮೇಲಿನ ಮಟ್ಟದ ಪಂದ್ಯದಲ್ಲಿ ಅದು ಬಯಲಾಗುತ್ತದೆ.

ಅದೇ ಆಗಸ್ಟ್ ಕೊನೆಗೆ ಬಾಯರ್ನ್ ಸೇರಿದರು. ಅವರಿಗೆ ಆಗ 32, ಇನ್ನೇನು 33. ಮ್ಯಾಡ್ರಿಡ್‌ನಲ್ಲೇ ಹಾಯಾಗಿ ಇರಬಹುದಿತ್ತು. ಆಗಿನ ಬಾಯರ್ನ್ ಕೋಚ್ ಗ್ವಾರ್ಡಿಯೊಲಾ ಹತ್ತಿರ ಕಲಿಯುವ ಆಸೆ ಎಳೆಯಿತು ಅನ್ನುವುದು ಸ್ಪಷ್ಟ. ಸೇರಿದ ಮರುದಿನವೇ ಶಾಲ್ಕೆ ಎದುರು ಕಣಕ್ಕಿಳಿದರು. ಒಂದು ತಿಂಗಳಲ್ಲಿ ಕೋಲ್ನ್ ಎದುರು 200ಕ್ಕೂ ಜಾಸ್ತಿ ಸಲ ಚೆಂಡು ಮುಟ್ಟಿ ಜರ್ಮನಿಯ ಲೀಗ್ ಬುಂಡೆಸ್‌ಲಿಗಾದಲ್ಲಿ ದಾಖಲೆ ಮಾಡಿದರು. ಹೊಸ ದೇಶ, ಹೊಸ ಭಾಷೆ, ಪರಿಚಯವಿಲ್ಲದ ಸಹ ಆಟಗಾರರು, ಆದರೂ ತಂಡದ ಚೆಂಡೆಲ್ಲ ಅವರ ಮೂಲಕವೇ ಹೋಗುತ್ತಿತ್ತು. ಮೂರು ವರ್ಷ, ಮೂರು ಲೀಗ್. ಕೊನೆಯ ಚಾಂಪಿಯನ್ಸ್ ಲೀಗ್ ಪಂದ್ಯ ಆಡಿದ್ದು ಹಳೆಯ ಮನೆ, ರಿಯಲ್ ಮ್ಯಾಡ್ರಿಡ್ ಮೈದಾನ ಬರ್ನಬ್ಯೂನಲ್ಲಿ. 2017ರ ಮೇ 20ರಂದು ಫ್ರೈಬರ್ಗ್ ಎದುರು ಬೂಟು ಬಿಚ್ಚಿದರು. ಫಿಲಿಪ್ ಲಾಮ್ ವಿದಾಯವೂ ಅದೇ ದಿನ. 35ರಲ್ಲೂ ಮೊದಲ ಹನ್ನೊಂದರಲ್ಲಿ ಜಾಗ ಇರುವಾಗಲೇ ನಿಲ್ಲಿಸಿದರು, ಯಾರೂ ಸಾಕು ಅನ್ನುವ ತನಕ ಕಾಯಲಿಲ್ಲ.

ಈಗ ಒಂದು ಸಲ ಅವರ ಕೋಚ್‌ಗಳ ಪಟ್ಟಿ ಹಾಕಿ ನೋಡಿ. ಟೊಷಾಕ್, ಬೆನಿಟೆಜ್, ಮೊರಿನ್ಯೊ, ಆಂಚೆಲೊಟ್ಟಿ, ಗ್ವಾರ್ಡಿಯೊಲಾ. ಸ್ಪೇನ್‌ಗೆ ಅರಗೊನೆಸ್, ದೆಲ್ ಬೋಸ್ಕೆ. ಇಷ್ಟು ಜನರ ತಲೆಯೊಳಗೆ ಹೊಕ್ಕು, ಅವರ ಯೋಜನೆಯನ್ನು ಮೈದಾನದ ಮಧ್ಯದಲ್ಲಿ ನಿಂತು ನಡೆಸಿದವರು ಸಿಗುವುದು ಕಷ್ಟ. ಕೋಚ್ ಆಗಿ ಅವರು ಅವಸರ ಮಾಡಲಿಲ್ಲ. ಮೊದಲು ಮ್ಯಾಡ್ರಿಡ್‌ನ 14 ವರ್ಷದೊಳಗಿನ ಹುಡುಗರು, ಆಮೇಲೆ ಮೂರು ವರ್ಷ ರಿಯಲ್ ಸೊಸಿಯೆದಾದ್‌ನ ಬಿ ತಂಡ. 2021ರಲ್ಲಿ ಆ ತಂಡವನ್ನು ಎರಡನೇ ಡಿವಿಷನ್‌ಗೆ ಏರಿಸಿದರು, ಮರುವರ್ಷ ಅದು ಕೆಳಗಿಳಿಯಿತು. 2022ರ ಅಕ್ಟೋಬರ್‌ನಲ್ಲಿ ಲೆವರ್ಕುಸನ್‌ಗೆ ಬಂದಾಗ ತಂಡ ಕೊನೆಯಿಂದ ಎರಡನೇ ಸ್ಥಾನದಲ್ಲಿತ್ತು. ಒಂದೂವರೆ ವರ್ಷದ ನಂತರ 28 ಗೆಲುವು, 6 ಡ್ರಾ, ಸೊನ್ನೆ ಸೋಲು. ಅಲ್ಲಿಂದ ಮುಂದಿನದು ನಿಮಗೇ ಗೊತ್ತು. ಒಂದು ವಿಷಯ ಗಮನಿಸಿ. ಆ ತಂಡ ಕಟ್ಟುವಾಗ ಮಧ್ಯದಲ್ಲಿ ನಿಲ್ಲಲು ಅವರು ತಂದದ್ದು 30ರ ಗಡಿ ದಾಟಿದ ಗ್ರಾನಿಟ್ ಝಾಕಾ. ಅವರೂ ವೇಗಿ ಅಲ್ಲ. ಪಾಸ್ ಗೊತ್ತಿದ್ದವರು.

ನಿಮ್ಮ ಆಟಕ್ಕೆ ಬರುತ್ತೇನೆ. ನಿಧಾನ ಇದ್ದರೆ ಮಿಡ್‌ಫೀಲ್ಡ್ ಬಿಡಿ ಅಂತ ನಾನು ಹೇಳಲ್ಲ. ಆದರೆ ನಿಧಾನ ಇದ್ದರೂ ನಡೆಯುತ್ತದೆ ಅಂತಲೂ ಸುಮ್ಮನಾಗಬೇಡಿ. ಅಲೋನ್ಸೊ ನಿಧಾನ ಅನ್ನೋದು ಯುರೋಪಿನ ಅತಿ ವೇಗದ ಆಟಗಾರರ ಪಕ್ಕದಲ್ಲಿ. 90 ನಿಮಿಷ ಓಡುವ ದಮ್ಮು ಅವರಲ್ಲಿ ಪೂರ್ತಿ ಇತ್ತು. ದಮ್ಮು ಇಲ್ಲದಿದ್ದರೆ ಕೊನೆಯ 20 ನಿಮಿಷ ತಲೆಯೂ ಓಡಲ್ಲ, ಅಲ್ವಾ? ಆದ್ದರಿಂದ ಫಿಟ್‌ನೆಸ್ ಬಿಡಬೇಡಿ. ನಾಳೆಯಿಂದಲೇ ಮಾಡಬಹುದಾದದ್ದು ಒಂದಿದೆ. ಪ್ರಾಕ್ಟೀಸ್‌ನಲ್ಲಿ ಚೆಂಡು ನಿಮ್ಮ ಕಡೆ ಹೊರಡುವ ಮೊದಲು ಎರಡೂ ಹೆಗಲ ಮೇಲಿಂದ ಒಮ್ಮೊಮ್ಮೆ ಹಿಂದೆ ನೋಡಿ. ಗೆಳೆಯನೊಬ್ಬನಿಗೆ ಹೇಳಿ, ಅವನು ನಿಮ್ಮ ಹಿಂದೆ ನಿಂತು ಬೆರಳು ತೋರಿಸಲಿ, ಚೆಂಡು ಮುಟ್ಟುವ ಮೊದಲು ಎಷ್ಟು ಬೆರಳು ಅಂತ ನೀವು ಕೂಗಬೇಕು. ಮೊದಲ ವಾರ ಕಿರಿಕಿರಿ ಆಗುತ್ತದೆ, ಟಚ್ ತಪ್ಪುತ್ತದೆ. ಬಿಡಬೇಡಿ. ಜೊತೆಗೆ ನಿಮ್ಮ ಟೀಮಿನಲ್ಲಿ ಚೆನ್ನಾಗಿ ಓಡುವ ಹುಡುಗನನ್ನು ಪಕ್ಕದಲ್ಲಿ ಆಡಿಸಲು ಕೋಚ್ ಹತ್ತಿರ ಮಾತಾಡಿ. ಅಲೋನ್ಸೊಗೆ ಮಸ್ಕೆರಾನೊ ಬೇಕಾಗಿದ್ದರು, ನಿಮಗೂ ಒಬ್ಬರು ಬೇಕು.

ಹೈಲೈಟ್ ಬಿಟ್ಟು ಒಂದು ಪೂರ್ತಿ ಪಂದ್ಯ ನೋಡಿ. ನಾನಾದರೆ 2012ರ ಯೂರೊ ಕಪ್ ಕ್ವಾರ್ಟರ್ ಫೈನಲ್ ಆರಿಸುತ್ತೇನೆ, ಡೊನೆಟ್ಸ್ಕ್‌ನಲ್ಲಿ ಫ್ರಾನ್ಸ್ ಎದುರು ನಡೆದದ್ದು. ಸ್ಪೇನ್ ಪರ ಅಲೋನ್ಸೊ ಆಡಿದ 100ನೇ ಪಂದ್ಯ ಅದು. ಸ್ಪೇನ್ 2-0 ಗೆದ್ದಿತು, ಎರಡು ಗೋಲೂ ಅವರದೇ. 19ನೇ ನಿಮಿಷದಲ್ಲಿ ಜೋರ್ಡಿ ಆಲ್ಬಾ ಎಡಗಡೆಯಿಂದ ಕ್ರಾಸ್ ಕೊಟ್ಟರು. ಹಿಂದಿನ ಕಂಬದ ಹತ್ತಿರ ಅಲೋನ್ಸೊ ಒಬ್ಬರೇ ಬಂದು ತಲೆ ಕೊಟ್ಟರು. ಗೋಲಿಗಿಂತ ಮುಂಚಿನ ಹತ್ತು ಸೆಕೆಂಡನ್ನು ಎರಡು ಮೂರು ಸಲ ಹಿಂದಕ್ಕೆ ಹಾಕಿ ನೋಡಿ. ಫ್ರಾನ್ಸ್‌ನವರೆಲ್ಲ ಚೆಂಡನ್ನೇ ನೋಡುತ್ತಿದ್ದಾರೆ. ಅಲೋನ್ಸೊ ಖಾಲಿ ಜಾಗ ನೋಡಿಕೊಂಡು, ಆಲ್ಬಾ ಕ್ರಾಸ್ ಹೊಡೆಯುವ ಮೊದಲೇ ಓಟ ಶುರು ಮಾಡಿದ್ದಾರೆ.